ಕಾಗದ ಕೈಗೆ ಸಿಕ್ಕಿದ್ದು ಯಾವತ್ತು?

ನಮ್ಮ ಊರುಗಳಲ್ಲಿ ಕನ್ನಡ ಶಾಲೆಯ ಮಾಷ್ಟ್ರಿಗೆ ಪಾಠದ ಜೊತೆಗೆ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ಕಚೇರಿಗಳಿಂದ ಮಲೆಯಾಳದಲ್ಲಿ ಬಂದ ಕಾಗದಗಳನ್ನು ನೆರೆಕರೆಯವರಿಗೆ ಓದಿ ಹೇಳುವುದು. ಕೆಲವು ವರ್ಷಗಳ ಹಿಂದೆ ನೆರೆಮನೆಯ ಅಕ್ಕ ಒಬ್ಬರು ಜಾಗದ ಸಂಬಂಧ ಬಂದ ಆದೇಶವೊಂದನ್ನು ತಂದರು. ಓದಿದೆ. "ಅರ್ಜಿ ತಳ್ಳಿಹಾಕಿದ್ದಾರೆ ಅಕ್ಕಾ, ಇನ್ನೊಮ್ಮೆ ಕೊಟ್ಟರಾಯಿತು" ಎಂದೆ. ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಕೊನೆಯ ಸಾಲಿನಲ್ಲಿತ್ತು. ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವಧಿ ಮೀರಿತು. ತಡವಾದುದಕ್ಕೆ ಕಾರಣ ವಿವರಿಸುತ್ತಾ ಆಕೆ ಎರಡು ವರ್ಷ ಅಲೆದರು. ನನಗೆ ಒಂದು ಮಾತೂ ಅನ್ನಲಿಲ್ಲ.

ಈ ಬೇಸಗೆ ರಜೆಯಲ್ಲಿ ಅಂಥದೇ ಇನ್ನೊಂದು ಕಾಗದ ನಮ್ಮ ಜಗಲಿಗೆ ಬಂತು. ಮಂಗಳೂರಿನಲ್ಲಿ ಕಾನೂನು ಓದುತ್ತಿರುವ ನನ್ನ ಹಳೆ ವಿದ್ಯಾರ್ಥಿ ಆಗ ಅಲ್ಲೇ ಕುಳಿತಿದ್ದ. ಕಾಗದದಲ್ಲಿ ಏನಿದೆಯೆಂದು ನೋಡುವ ಮೊದಲೇ ಅವನು ಕೇಳಿದ: "ಇದು ಕೈಗೆ ಸಿಕ್ಕಿದ್ದು ಯಾವತ್ತು ದೊಡ್ಡಮ್ಮಾ? ಲಕೋಟೆ ಉಂಟಾ?"

ಎಲ್ಲಿ ಕಲಿತೆಯೆಂದು ವಿಚಾರಿಸಿದರೆ, "ಕ್ಲಿನಿಕ್ಕಿನಲ್ಲಿ ಮಾಷ್ಟ್ರೇ" ಎಂದ.

ಇದು ಔಷಧ ಕೊಡುವ ಕ್ಲಿನಿಕ್ ಅಲ್ಲ. ಬಡವರು ತಮ್ಮ ವ್ಯಾಜ್ಯ, ಪಿಂಚಣಿ, ಪಡಿತರಚೀಟಿಯ ತೊಡಕುಗಳನ್ನು ತಂದು ಹೇಳಿಕೊಳ್ಳುವ, ಕಾನೂನು ಕಾಲೇಜಿನ ಕೋಣೆ. ಕೇಳುವವನು ವಿದ್ಯಾರ್ಥಿ, ಅವನ ಹಿಂದೆ ಹೊಣೆ ಹೊತ್ತು ಕೂರುವವರು ಅಧ್ಯಾಪಕರು. ವೈದ್ಯವಿದ್ಯಾರ್ಥಿ ರೋಗಿಯ ಮಂಚದ ಬಳಿ ಕಲಿಯುವಂತೆ ಇವರೂ ಕಲಿಯಬೇಕೆಂಬ ವಾದವನ್ನು ನಮ್ಮ ದೇಶದಲ್ಲಿ ಬಲವಾಗಿ ಎತ್ತಿ ಹಿಡಿದವರಲ್ಲಿ ಪ್ರಮುಖರು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ನಿರ್ದೇಶಕ ಎನ್. ಆರ್. ಮಾಧವ ಮೆನನ್. ತಿರುವನಂತಪುರದಲ್ಲಿ ಹುಟ್ಟಿದ ಇವರು 2019ರಲ್ಲಿ ತೀರಿಕೊಂಡರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲೂ ಕಾಲೇಜುಗಳ ಕ್ಲಿನಿಕ್ಕುಗಳ ಪ್ರಸ್ತಾಪವಿದೆ.

ಆದರೆ ವಿದ್ಯಾರ್ಥಿ ವಕೀಲನಲ್ಲ. 1961ರ ವಕೀಲರ ಕಾಯಿದೆಯಂತೆ ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ವಕೀಲಿ ಮಾಡುವ ಹಕ್ಕು. ಅಮೇರಿಕದ ಅನೇಕ ರಾಜ್ಯಗಳಲ್ಲಿ ವಿದ್ಯಾರ್ಥಿಯು ವಕೀಲರ ಮೇಲ್ವಿಚಾರಣೆಯಲ್ಲಿ ನ್ಯಾಯಾಲಯದಲ್ಲಿಯೇ ನಿಂತು ವಾದಿಸಬಹುದು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಕೇಳಿಸಿಕೊಳ್ಳುವುದು, ಬರೆದುಕೊಳ್ಳುವುದು, ಅರ್ಜಿಯ ಕರಡು ತಯಾರಿಸುವುದು, ಸರಿಯಾದ ಬಾಗಿಲು ತೋರಿಸುವುದು ಇವರ ಪಾಲು.

ಇಷ್ಟೇಯೇ ಎನ್ನಬೇಡಿ. ಆರಂಭದಲ್ಲಿ ಅಜ್ಜಿಯೊಬ್ಬಳ ಕಥೆ ಕೇಳಿ ಅರ್ಧ ಗಂಟೆಯಲ್ಲಿ ಈ ಹುಡುಗ ಎರಡು ಪುಟದ ಅರ್ಜಿ ಬರೆದನಂತೆ. ಅಧ್ಯಾಪಕರು ಅದನ್ನು ಓದಲೇ ಇಲ್ಲ. "ಆದೇಶ ಬಂದದ್ದು ಯಾವತ್ತು?" ಎಂದು ಕೇಳಿದರು. ಇವನಿಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ ಅಜ್ಜಿಯನ್ನು ಮತ್ತೆ ಕೇಳಿ ಬಾ ಎಂದರು. ಟಿ.ಸಿ.ಎಚ್. ತರಬೇತಿಯಲ್ಲಿ ನನ್ನ ಅಭ್ಯಾಸ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು, ಪುಸ್ತಕ ಬಿಡಿಸಿ, ಮುಖ ಗಂಟಿಕ್ಕಿ ನೋಡುತ್ತಿದ್ದ ಮಾರ್ಗದರ್ಶಕರು ನೆನಪಾದರು. ಅವರಿಗೆ ಆಗ ಶಾಪ ಹಾಕಿದ್ದೆ. ನಾನು ತಪ್ಪಿದರೂ ಮಕ್ಕಳ ಪಾಠ ಕೆಡದಂತೆ ಅವರು ಕಾಯುತ್ತಿದ್ದರು ಎಂಬುದು ಹೊಳೆದದ್ದು ಬಹಳ ತಡವಾಗಿ.

ಎಲ್ಲ ಕಡೆಯೂ ಹೀಗೆ ನಡೆಯುತ್ತದೆ ಎನ್ನಲಾರೆ. ಬಾಗಿಲಿಗೆ ಫಲಕ, ತಪಾಸಣೆಗೆ ರಿಜಿಸ್ಟರ್, ಒಳಗೆ ಖಾಲಿ ಕುರ್ಚಿ ಎಂಬ ಕಾಲೇಜುಗಳ ಸುದ್ದಿಯನ್ನೂ ಇವನೇ ಹೇಳಿದ. ಮೇಲ್ವಿಚಾರಣೆಗೆ ಅಧ್ಯಾಪಕರಿಗೆ ಬಿಡುವು ಕೊಡದೆ ಕ್ಲಿನಿಕ್ ತೆರೆದರೆ, ಅರೆಬರೆ ಸಲಹೆಯ ಪೆಟ್ಟು ಬೀಳುವುದು ಬಡವರ ಮೇಲೆ. ಅರೆಬರೆ ಸಲಹೆ ಏನೆಂಬುದು ನನಗೆ ಚೆನ್ನಾಗಿ ಗೊತ್ತು.

ಅಂದು ಜಗಲಿಯಲ್ಲಿ ಅರ್ಜಿ ಬರೆದುಕೊಡೆಂದು ನಾನೇ ಒತ್ತಾಯಿಸಿದೆ. ಅವನು ಒಪ್ಪಲಿಲ್ಲ. "ನೋಡುವವರಿಲ್ಲದೆ ನಾನು ಬರೆಯಬಾರದು ಮಾಷ್ಟ್ರೇ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಉಂಟು. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗುವ" ಎಂದ. ಲಕೋಟೆಯನ್ನು ದೊಡ್ಡಮ್ಮ ಒಲೆಗೆ ಹಾಕಿರಲಿಲ್ಲ, ಪುಣ್ಯ. ಅಂಚೆಮುದ್ರೆ ನೋಡಿ, ಕೈಸೇರಿದ ದಿನ ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿದ. ಇನ್ನು ಒಂಬತ್ತು ದಿನ ಉಳಿದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು.