ಉತ್ತರ ಸರಿ, ಅಂಕ ಅರ್ಧ

ಅಮೆರಿಕದ ಮಕ್ಕಳು ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ಪಾಠ ಓದಿ, ಮೇ ತಿಂಗಳಲ್ಲಿ ಒಂದು ಪರೀಕ್ಷೆ ಬರೆದು, ಮುಂದೆ ಕಾಲೇಜಿನಲ್ಲಿ ಆ ವಿಷಯದ ಕ್ರೆಡಿಟ್ ಪಡೆಯಬಹುದು. ಈ ಏರ್ಪಾಡಿಗೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂದು ಹೆಸರು. ಅಲ್ಲಿನ ಕನ್ನಡ ಮನೆಗಳಲ್ಲೂ ಅದು ಬರೀ 'ಎಪಿ'. ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಈ ಪರೀಕ್ಷೆಗಳ ಸಾಲಿಗೆ ಸಂಖ್ಯಾಶಾಸ್ತ್ರ ಸೇರಿದ್ದು 1997ರಲ್ಲಿ. ಮೊದಲ ವರ್ಷ ಬರೆದವರು ಎಂಟು ಸಾವಿರಕ್ಕೂ ಕಡಿಮೆ; ಈಗ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು. ಎರಡನೇ ಹಂತದ ಬೀಜಗಣಿತ ಮುಗಿಸಿದ್ದರೆ ಸಾಕು, ಕ್ಯಾಲ್ಕ್ಯುಲಸ್ ಬೇಕಿಲ್ಲ. ಸೂತ್ರಗಳ ಪಟ್ಟಿಯನ್ನು ಪರೀಕ್ಷೆಯಲ್ಲೇ ಕೊಡುತ್ತಾರೆ, ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್‌ಗೂ ಅನುಮತಿ ಇದೆ. ಹಾಗಾಗಿ ಗಣಿತದಲ್ಲಿ ಸದಾ ಮುಂದಿರುವ ಮಕ್ಕಳು ಇದನ್ನು ಸಲೀಸು ಎಂದುಕೊಂಡೇ ಸೇರುತ್ತಾರೆ. ಮೊದಲ ಟೆಸ್ಟಿನ ಪೇಪರ್ ಕೈಗೆ ಬಂದಾಗ ಲೆಕ್ಕವೆಲ್ಲ ಸರಿಯಿರುತ್ತದೆ, ಅಂಕ ಮಾತ್ರ ಅರ್ಧ. ಮಕ್ಕಳಿಗೂ ತಂದೆತಾಯಿಗೂ ಇದು ಅನ್ಯಾಯವೆಂದೇ ತೋರುತ್ತದೆ. ನನ್ನ ಮಟ್ಟಿಗೆ ಇದು ನ್ಯಾಯ. ಸಂಖ್ಯಾಶಾಸ್ತ್ರದ ಪೇಪರನ್ನು ಅಳೆಯಬೇಕಾದದ್ದು ಹೀಗೆಯೇ.

ಅಂಕ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲೇ ನೋಡೋಣ. ಒಂದು ಊರಿನ ಎಲ್ಲ ಮನೆಗಳ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ 200 ಮನೆಗಳನ್ನು ಆರಿಸಿ, ಭಾನುವಾರವೂ ಗ್ರಂಥಾಲಯ ತೆರೆದಿರಬೇಕೇ ಎಂದು ಕೇಳಿದರು ಎನ್ನೋಣ. 124 ಮನೆಯವರು ಬೇಕು ಎಂದರು, ಅಂದರೆ ಶೇ. 62. ಇಡೀ ಊರಿನ ಅಭಿಪ್ರಾಯವನ್ನು ಶೇ. 95ರ ವಿಶ್ವಾಸ ಮಟ್ಟದಲ್ಲಿ ಅಂದಾಜು ಮಾಡಿ ಎಂಬುದು ಪ್ರಶ್ನೆ. ಕ್ಯಾಲ್ಕ್ಯುಲೇಟರ್ ಒತ್ತಿದರೆ 0.553ರಿಂದ 0.687 ಎಂಬ ವ್ಯಾಪ್ತಿ ಅರೆಗಳಿಗೆಯಲ್ಲಿ ಸಿಗುತ್ತದೆ. ಅಷ್ಟನ್ನೇ ಬರೆದಿಟ್ಟ ಹುಡುಗನಿಗೆ ಪೂರ್ತಿ ಅಂಕ ಸಿಗುವುದಿಲ್ಲ. ಯಾವ ವಿಧಾನ ಬಳಸಿದೆ ಎಂದು ಅವನು ಹೆಸರಿಸಬೇಕು. ಆ ವಿಧಾನದ ಷರತ್ತುಗಳು ಇಲ್ಲಿ ಹೊಂದುತ್ತವೆಯೇ ಎಂದು ಪರೀಕ್ಷಿಸಿ ತೋರಿಸಬೇಕು: ಮನೆಗಳನ್ನು ಆರಿಸಿದ್ದು ಯಾದೃಚ್ಛಿಕವಾಗಿಯೇ? ಊರಿನ ಒಟ್ಟು ಮನೆಗಳಲ್ಲಿ ಈ 200 ಹತ್ತನೇ ಒಂದು ಭಾಗದೊಳಗೆ ಇದೆಯೇ? ಬೇಕು ಎಂದವರೂ ಬೇಡ ಎಂದವರೂ ಸಾಕಷ್ಟು ಸಂಖ್ಯೆಯಲ್ಲಿದ್ದಾರೆಯೇ? ಕೊನೆಗೆ, ಬಂದ ಅಂಕಿಯ ಅರ್ಥವನ್ನು ಆ ಊರಿನ ಮಾತಿನಲ್ಲೇ ಹೇಳಬೇಕು: ಊರಿನ ಎಲ್ಲ ಮನೆಗಳ ಪೈಕಿ ಭಾನುವಾರದ ಗ್ರಂಥಾಲಯ ಬೇಕೆನ್ನುವ ಮನೆಗಳ ಪಾಲು 55.3 ಮತ್ತು 68.7 ಪ್ರತಿಶತದ ನಡುವೆ ಇದೆ ಎಂಬ ಬಗ್ಗೆ ನಮಗೆ ಶೇ. 95ರಷ್ಟು ವಿಶ್ವಾಸವಿದೆ ಎಂದು. 'ಎಲ್ಲ ಮನೆಗಳ' ಎನ್ನುವ ಕಡೆ 'ಕೇಳಿದ ಮನೆಗಳ' ಎಂದು ಬರೆದರೆ ಅಂಕ ಹೋಯಿತು. ಹೋಗಲೇಬೇಕು, ಏಕೆಂದರೆ ಕೇಳಿದ ಮನೆಗಳ ಪಾಲು ಶೇ. 62 ಎಂದು ಆಗಲೇ ಗೊತ್ತು. ಅದಕ್ಕೆ ಅಂದಾಜು ಯಾಕೆ? ಒಂದು ಪದ ತಪ್ಪಿದ್ದಷ್ಟೇ ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಯಾರ ಬಗ್ಗೆ ಮಾತಾಡುತ್ತಿದ್ದೇನೆ ಎಂಬುದೇ ಆ ವಿದ್ಯಾರ್ಥಿಗೆ ತಿಳಿದಿಲ್ಲವೆಂದು ಆ ಪದ ಬಯಲು ಮಾಡುತ್ತದೆ.

ಅಂಕ ಕೊಡುವ ಪದ್ಧತಿಯೂ ಇದಕ್ಕೆ ತಕ್ಕಂತಿದೆ. ಬಹುಕಾಲ ನಡೆದುಬಂದ ಸ್ವರೂಪದಲ್ಲಿ ಬಹು ಆಯ್ಕೆಯ 40 ಪ್ರಶ್ನೆಗಳಿಗೆ ಅರ್ಧ ತೂಕ, ಬರೆದು ಉತ್ತರಿಸುವ ಆರು ಪ್ರಶ್ನೆಗಳಿಗೆ ಇನ್ನರ್ಧ. ಬರೆಯುವ ಪ್ರಶ್ನೆಯ ಪ್ರತಿ ಭಾಗಕ್ಕೂ ಮೂರೇ ತೀರ್ಪು: ಬಹುಮಟ್ಟಿಗೆ ಸರಿ, ಭಾಗಶಃ ಸರಿ, ತಪ್ಪು. ಇವನ್ನು ಕೂಡಿಸಿ ಇಡೀ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕೂಡಿದಾಗ ಎರಡೂವರೆ ಬಂದರೆ ಮೌಲ್ಯಮಾಪಕರು ಉತ್ತರವನ್ನು ಮತ್ತೆ ಇಡಿಯಾಗಿ ಓದಿ, ವಿವರಣೆಯ ಬಲ ನೋಡಿ, ಎರಡಕ್ಕೆ ಇಳಿಸಬೇಕೋ ಮೂರಕ್ಕೆ ಏರಿಸಬೇಕೋ ಎಂದು ನಿರ್ಧರಿಸುತ್ತಾರೆ. ಒಂದೇ ಪ್ರಶ್ನೆಗೆ ಎರಡು ಬಗೆಯಲ್ಲಿ ಉತ್ತರ ಬರೆದು ಯಾವುದಾದರೊಂದು ಸರಿಯಿರಲಿ ಎಂದು ಬಿಟ್ಟರೆ, ಅವುಗಳಲ್ಲಿ ದುರ್ಬಲವಾದದ್ದಕ್ಕೇ ಅಂಕ. ನಮ್ಮ ಪಿಯು ಮೌಲ್ಯಮಾಪನದ ರೂಢಿ ಬೇರೆ: ಸೂತ್ರಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು, ಉತ್ತರಕ್ಕೆ ಒಂದು ಎಂದು ಹೆಜ್ಜೆಹೆಜ್ಜೆಗೂ ಅಂಕ ಹಂಚುತ್ತೇವೆ. ದ್ವಿತೀಯ ಪಿಯುಸಿಯ ಸಂಖ್ಯಾಶಾಸ್ತ್ರದಲ್ಲೂ ಪ್ರಾಕ್ಕಲ್ಪನೆಯ ಪರೀಕ್ಷೆ ಇದೆ. ಲೆಕ್ಕ ಹಾಕಿ ಬಂದ ಬೆಲೆ ಮಿತಿಯೊಳಗಿದ್ದರೆ 'ಶೂನ್ಯ ಪ್ರಾಕ್ಕಲ್ಪನೆಯನ್ನು ಸ್ವೀಕರಿಸಲಾಗಿದೆ' ಎಂದು ಬರೆದು ಮುಗಿಸುವುದು ವಾಡಿಕೆ. ಎಪಿ ಪೇಪರಿನಲ್ಲಿ 'ಸ್ವೀಕರಿಸಲಾಗಿದೆ' ಎಂಬ ಆ ಮಾತಿಗೆ ಅಂಕ ಕಳೆಯುತ್ತಾರೆ. ಔಷಧಿಯೊಂದರ ಪರೀಕ್ಷೆ ಎಂದುಕೊಳ್ಳಿ; ಅದು ಕೆಲಸ ಮಾಡುವುದಿಲ್ಲ ಎಂಬ ಊಹೆಯೇ ಅಲ್ಲಿ ಶೂನ್ಯ ಪ್ರಾಕ್ಕಲ್ಪನೆ. ಔಷಧಿ ಕೆಲಸ ಮಾಡುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ ಎನ್ನುವುದಕ್ಕೂ ಔಷಧಿ ಕೆಲಸ ಮಾಡುವುದಿಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ. ಇಪ್ಪತ್ತೇ ರೋಗಿಗಳ ಮೇಲೆ ಪರೀಕ್ಷಿಸಿ ಪುರಾವೆ ಸಿಗದೆಹೋದರೆ ರೋಗಿಗಳ ಸಂಖ್ಯೆ ಸಾಲಲಿಲ್ಲ ಎಂದಷ್ಟೇ ಅರ್ಥವಿರಬಹುದು. ಈ ಒಂದು ವಿಷಯದಲ್ಲಿ ನಮ್ಮ ಪಠ್ಯಗಳ ಭಾಷೆ ಬದಲಾಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಷರತ್ತು ಪರೀಕ್ಷಿಸುವುದು, ಅರ್ಥ ಬಿಡಿಸಿ ಹೇಳುವುದು ಶಾಲೆಯ ಶಾಸ್ತ್ರಾಚಾರವಷ್ಟೇ ಎನ್ನುವವರು ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣವನ್ನು ನೋಡಬೇಕು. ಆಕೆಯ ಇಬ್ಬರು ಗಂಡುಮಕ್ಕಳು 1996ರಲ್ಲಿ ಮತ್ತು 1998ರಲ್ಲಿ ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡರು. ತಾಯಿಯೇ ಕೊಂದಳು ಎಂದು ಮೊಕದ್ದಮೆ ನಡೆಯಿತು. ಆಕೆಯದರಂಥ ಕುಟುಂಬದಲ್ಲಿ ಮಗು ತೊಟ್ಟಿಲಲ್ಲೇ ಅಕಾರಣವಾಗಿ ಸಾಯುವ ಸಂಭವ 8,543ಕ್ಕೆ ಒಂದು, ಇಬ್ಬರೂ ಹಾಗೆ ಸಾಯುವ ಸಂಭವ ಅದರ ವರ್ಗ, ಅಂದರೆ ಸುಮಾರು 7.3 ಕೋಟಿಗೆ ಒಂದು ಎಂದು ಮಕ್ಕಳ ತಜ್ಞ ರಾಯ್ ಮೆಡೋ ಸಾಕ್ಷ್ಯ ನುಡಿದರು. ಗುಣಾಕಾರ ತಪ್ಪಿರಲಿಲ್ಲ: 8,543ನ್ನು 8,543ರಿಂದ ಗುಣಿಸಿದರೆ 7,29,82,849. ತಪ್ಪಿದ್ದು ಷರತ್ತು. ಒಂದು ಘಟನೆಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಿದ್ದಾಗ ಮಾತ್ರ ಹೀಗೆ ಗುಣಿಸಬಹುದು; ಒಂದೇ ತಂದೆತಾಯಿ, ಒಂದೇ ಮನೆ, ಒಂದೇ ರಕ್ತದ ಮಕ್ಕಳ ವಿಷಯದಲ್ಲಿ ಅದನ್ನು ಹಾಗೆಯೇ ಒಪ್ಪಿಕೊಳ್ಳಲು ಆಧಾರವಿರಲಿಲ್ಲ. ಅರ್ಥವೂ ತಪ್ಪಿತ್ತು. ಇಬ್ಬರು ಮಕ್ಕಳು ಅಕಾರಣವಾಗಿ ಸಾಯುವ ಸಂಭವವೇ ಆಕೆ ನಿರಪರಾಧಿಯಾಗಿರುವ ಸಂಭವ ಎಂಬ ಭಾವನೆ ಹಬ್ಬಿತು. ತಾಯಿಯೊಬ್ಬಳು ಇಬ್ಬರು ಕೂಸುಗಳನ್ನೂ ಕೊಲ್ಲುವುದು ಎಷ್ಟು ಅಪರೂಪ ಎಂಬ ಎದುರು ಪ್ರಶ್ನೆ ಕೇಳದೆಹೋಯಿತು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಅಂಕಿಗೆ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಿತು. ರಕ್ಷಣಾ ಪಕ್ಷಕ್ಕೆ ಕೊಡದೆ ಉಳಿದಿದ್ದ ವೈದ್ಯಕೀಯ ಮಾಹಿತಿ ಹೊರಬಿದ್ದು 2003ರಲ್ಲಿ ಬಿಡುಗಡೆಯಾದ ಆಕೆ ನಾಲ್ಕೇ ವರ್ಷಕ್ಕೆ, 2007ರಲ್ಲಿ, ತೀರಿಕೊಂಡಳು. ಆ ಸಾಕ್ಷ್ಯವನ್ನು ಎಪಿ ಪೇಪರಿನ ಅಳತೆಗೋಲಿನಿಂದ ಅಳೆದರೆ ಲೆಕ್ಕ ಸರಿ, ಷರತ್ತು ಪರೀಕ್ಷಿಸಿಲ್ಲ, ತೀರ್ಮಾನ ಸಂದರ್ಭಕ್ಕೆ ಹೊಂದಿಲ್ಲ. ಸರಿಯುತ್ತರಕ್ಕೆ ಅರ್ಧ ಅಂಕ ಯಾಕೆ ಎಂದು ಕೇಳುವ ಹದಿನಾರರ ಹುಡುಗಿಗೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಕಾಣುತ್ತಿಲ್ಲ.

ಆಕ್ಷೇಪಗಳಿಲ್ಲದೆ ಇಲ್ಲ. ಮಾತಿಗೆ ಅಂಕ ಕೊಟ್ಟರೆ ಅದು ತಿದ್ದುವವರ ಮರ್ಜಿಗೆ ಬಿಟ್ಟ ಹಾಗೆ ಎಂಬುದು ಒಂದು. ಇದಕ್ಕೆ ಪರೀಕ್ಷೆಯ ಏರ್ಪಾಡಿನಲ್ಲೇ ಸಮಾಧಾನವಿದೆ. ಜೂನ್ ತಿಂಗಳಲ್ಲಿ ಹೈಸ್ಕೂಲು ಮತ್ತು ಕಾಲೇಜುಗಳ ನೂರಾರು ಅಧ್ಯಾಪಕರು ಮೌಲ್ಯಮಾಪನಕ್ಕೆ ಕೂಡುತ್ತಾರೆ. ಒಬ್ಬರು ಒಂದು ಹೊತ್ತಿಗೆ ಒಂದೇ ಪ್ರಶ್ನೆಯನ್ನು ತಿದ್ದುತ್ತಾರೆ. ಅದಕ್ಕೂ ಮೊದಲು ಮಾದರಿ ಉತ್ತರಗಳ ಮೇಲೆ ಎಲ್ಲರ ಅಂಕವೂ ಒಂದೇ ಬರುವಂತೆ ತರಬೇತಿ ಇರುತ್ತದೆ. ತಿದ್ದಲು ಬಳಸಿದ ಮಾನದಂಡ, ವಿದ್ಯಾರ್ಥಿಗಳ ಮಾದರಿ ಉತ್ತರ, ಎಲ್ಲೆಲ್ಲಿ ಎಡವಿದರು ಎಂಬ ವರದಿ ಆಮೇಲೆ ಎಲ್ಲರಿಗೂ ಸಿಗುವಂತೆ ಪ್ರಕಟವಾಗುತ್ತವೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇದು ಹೊರೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ವ್ಯಾಕರಣಕ್ಕೆ ಅಂಕ ಕಳೆಯುವುದಿಲ್ಲ ಎಂಬುದು ನಿಜವಾದರೂ 'ಪುರಾವೆ ಸಾಲದು', 'ಪುರಾವೆ ಇಲ್ಲ' ಎಂಬಂಥ ಸೂಕ್ಷ್ಮಗಳನ್ನು ಪರಭಾಷೆಯಲ್ಲಿ ಹಿಡಿಯುವುದು ಕಷ್ಟವೇ. ಅದಕ್ಕೆ ಪರಿಹಾರ ತರಗತಿಯಲ್ಲಿ ಹೆಚ್ಚು ಬರೆಸುವುದು, ಮನೆಮಾತಿನಲ್ಲೇ ಒಮ್ಮೆ ಹೇಳಿಸುವುದು. ಪೇಪರಿನಿಂದ ಮಾತನ್ನೇ ತೆಗೆದುಹಾಕಿದರೆ ಆ ಮಕ್ಕಳು ಕಲಿಯಬೇಕಾದದ್ದೇ ತಪ್ಪಿಹೋಗುತ್ತದೆ. ಫಲಿತಾಂಶದ ಬಗ್ಗೆಯೂ ಒಂದು ಮಾತು: ಅಂತಿಮ ಅಂಕ 1ರಿಂದ 5ರವರೆಗೆ, 3 ಬಂದರೆ ಸಾಮಾನ್ಯವಾಗಿ ತೇರ್ಗಡೆಯೆಂದು ಎಣಿಕೆ. ಇತ್ತೀಚಿನ ವರ್ಷಗಳಲ್ಲಿ 3 ಅಥವಾ ಹೆಚ್ಚು ಪಡೆದವರು ಶೇ. 60ರ ಆಸುಪಾಸು, ಬರೀ 1 ಪಡೆದವರು ಐದನೇ ಒಂದು ಭಾಗಕ್ಕಿಂತ ಹೆಚ್ಚು. ಇತ್ತ, ಬಿಡುಗಡೆಯಾದ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ 5 ಪಡೆಯಲು ನೂರಕ್ಕೆ 70ರ ಆಸುಪಾಸು ಸಾಕಾಗಿತ್ತು. ತೊಂಬತ್ತೈದಕ್ಕೆ ಒಗ್ಗಿದ ಮನೆಗಳು ಈ ಎಪ್ಪತ್ತನ್ನು ಸೋಲೆಂದು ಓದಬಾರದು.

ನನ್ನನ್ನು ಬಹಳ ಕಾಡುವ ಆಕ್ಷೇಪ ಮೂರನೆಯದು: ಇದೂ ಕೊನೆಗೆ ಬಾಯಿಪಾಠವಾಗುತ್ತದೆ. 'ನಮಗೆ ಶೇ. 95ರಷ್ಟು ವಿಶ್ವಾಸವಿದೆ' ಎಂಬ ಸಿದ್ಧವಾಕ್ಯದಲ್ಲಿ ಖಾಲಿ ಜಾಗ ತುಂಬುವುದನ್ನು ಯಾರು ಬೇಕಾದರೂ ರೂಢಿ ಮಾಡಿಕೊಳ್ಳಬಹುದು. ಅರ್ಥವಾಗದೆ ಮೂರೂ ಷರತ್ತುಗಳಿಗೆ ಸರಿ ಗುರುತು ಹಾಕಿ ಮುಂದೆ ಹೋಗುವ ಮಕ್ಕಳಿದ್ದಾರೆ ಎಂಬುದನ್ನು ಅಲ್ಲಗಳೆಯಲಾಗದು. ಅದಕ್ಕೆಂದೇ ಮೇಲೆ ಹೇಳಿದ ಸ್ವರೂಪದಲ್ಲಿ ಆರನೆಯ ಪ್ರಶ್ನೆ ಇತ್ತು. ಅದಕ್ಕೆ ಮಾತ್ರ ಸುಮಾರು 25 ನಿಮಿಷ ಮೀಸಲಿಡಿ ಎಂಬ ಸೂಚನೆ, ಬರೆಯುವ ಭಾಗದ ಕಾಲುಪಾಲು ತೂಕ. ಪಾಠದಲ್ಲಿ ಎಂದೂ ಕಾಣದ ಒಂದು ಅಳತೆಯನ್ನೋ ಚಿತ್ರವನ್ನೋ ಕೊಟ್ಟು, ಗೊತ್ತಿದ್ದದ್ದನ್ನು ಹೊಸದಕ್ಕೆ ಹೊಂದಿಸಿ ಯೋಚಿಸಿ ಎನ್ನುತ್ತಿತ್ತು ಆ ಪ್ರಶ್ನೆ. ಸಿದ್ಧವಾಕ್ಯ ಅಲ್ಲಿ ನೆರವಿಗೆ ಬರುತ್ತಿರಲಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ಒಂದು ಪ್ರಶ್ನೆ ಇಡೀ ಹೊಣೆ ಹೊರಲಾರದು. ಹೆಚ್ಚಿನ ಕೆಲಸ ನಡೆಯಬೇಕಾದದ್ದು ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗಿನ ತರಗತಿಯಲ್ಲಿ, ಮೇಷ್ಟರ ಪೆನ್ನಿನ ತುದಿಯಲ್ಲಿ. ಅರ್ಧ ಅಂಕ ಹಾಕಿ ಪೇಪರ್ ಹಿಂತಿರುಗಿಸಿದರೆ ಹುಡುಗ ಅಂಕವನ್ನಷ್ಟೇ ನೋಡುತ್ತಾನೆ. ಅಂಕ ಹಾಕದೆ, ಆ 0.553 ಮತ್ತು 0.687ರ ಪಕ್ಕದ ಅಂಚಿನಲ್ಲಿ 'ಯಾವ ಮನೆಗಳು?' ಎಂದು ಬರೆದು, ನಾಳೆ ಮತ್ತೆ ಬರೆದು ತಾ ಎಂದು ಕೊಟ್ಟರೆ ಅವನು ಪ್ರಶ್ನೆಯನ್ನು ಮೊದಲಿನಿಂದ ಓದಬೇಕಾಗುತ್ತದೆ.