ಮೂರು ಮುಖದ ಕಿಟಕಿಗೆ ಒಂದೇ ಪರದೆ ಸಾಕೇ?

ಸುರಪುರ: ಯಾದಗಿರಿಯಲ್ಲಿ ಬಸ್ ಹತ್ತಿ, ಭೀಮಾ ನದಿ ದಾಟಿ, ಶಹಾಪುರದ ಮೇಲೆ ಸುರಪುರಕ್ಕೆ ಬರುವವರು ಒಂದು ಹೊಸ ಸಂಗತಿಯನ್ನು ಗಮನಿಸಿರಬೇಕು. ಊರು ಹತ್ತಿರ ಬಂದಂತೆ ಕಾಣುವ ಹೊಸ ಮನೆಗಳ ಕಿಟಕಿಗಳು ಈಗ ಗೋಡೆಯಲ್ಲಿ ಸುಮ್ಮನೆ ಕೂತಿಲ್ಲ. ಹೊಟ್ಟೆ ಮುಂದೆ ಬಿಟ್ಟುಕೊಂಡು ರಸ್ತೆಯ ಕಡೆಗೆ ಬಂದಿವೆ. ನಡುವೆ ಒಂದು ದೊಡ್ಡ ಮುಖ, ಎಡಬಲಕ್ಕೆ ಓರೆಯಾಗಿ ಎರಡು ಸಣ್ಣ ಮುಖ. ಇಂಜಿನಿಯರುಗಳು ಇದಕ್ಕೆ 'ಬೇ ವಿಂಡೋ' ಎನ್ನುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಅದು 'ಹೊರಗ ಬಂದ ಕಿಡಕಿ'.

ಮಜಾ ಏನೆಂದರೆ, ಬೆಳಕು ಬೇಕೆಂದು ದುಡ್ಡು ಸುರಿದು ಮಾಡಿಸಿದ ಇಂಥ ಕಿಟಕಿಗಳಲ್ಲಿ ಹಲವು ಹಗಲೆಲ್ಲ ಮುಚ್ಚಿಯೇ ಇರುತ್ತವೆ. ಒಂದಕ್ಕೆ ಸೊಲ್ಲಾಪುರದ ಚಾದರ ಕಟ್ಟಿದೆ, ಇನ್ನೊಂದಕ್ಕೆ ಹಳೆಯ ಸೀರೆ. ಮತ್ತೊಂದರ ಗಾಜಿಗೆ ಕಳೆದ ವರ್ಷದ ಪೇಪರು ಅಂಟಿಕೊಂಡಿದೆ. ಕಿಟಕಿ ಮಾಡಿಸುವಾಗ ಇದ್ದ ಉಮೇದು ಪರದೆ ಹಾಕಿಸುವಾಗ ಇರುವುದಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳಿಗೆ ಈ ಪೇಚಾಟವೇ ಇರಲಿಲ್ಲ. ದಪ್ಪ ಗೋಡೆ, ಸಣ್ಣ ಕಿಟಕಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಬಾಗಿಲ ಹೊರಗೆ ಕಟ್ಟೆ. ಬೆಳಕು ಮೇಲಿನಿಂದ ಬರುತ್ತಿತ್ತು, ಸುದ್ದಿ ಕಟ್ಟೆಯ ಮೇಲೆ ಸಿಗುತ್ತಿತ್ತು. ನಾರಾಯಣಪುರದ ಕಾಲುವೆಯ ನೀರು ಹರಿದು, ಭತ್ತ ಹತ್ತಿ ಬೆಳೆದು, ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಮನೆಯ ನಕಾಶೆಯೂ ಬದಲಾಯಿತು. ಕಟ್ಟೆ ಹೋಯಿತು, ಕಾಂಪೌಂಡು ಬಂತು.

ಬೇ ವಿಂಡೋ ಇಂಗ್ಲೆಂಡಿನಲ್ಲಿ ಮನೆಮಾತು. ಅಲ್ಲಿ ಬಿಸಿಲಿಗೆ ಬಡತನ. ಮೂರು ಕಡೆಯಿಂದ ಬಾಚಿಕೊಂಡರೂ ಸಾಲದು. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬರು 1808ರಲ್ಲಿ ಹುಟ್ಟಿದ್ದು ಅಂಥದೇ ಮೋಡದ ಊರಾದ ಲಿವರ್‌ಪೂಲ್‌ನಲ್ಲಿ. 1841ರಿಂದ 1853ರ ತನಕ ಅವರು ಈ ಸಂಸ್ಥಾನದ ಕಾರಭಾರ ನೋಡಿದರು. ಆ ಕಾಲದ ಸಾಹೇಬರು ಈ ದೇಶದ ಬೇಸಿಗೆ ಕಂಡ ಮೇಲೆ ಕಲಿತ ಪಾಠ ಒಂದೇ: ಬಿಸಿಲನ್ನು ಒಳಗೆ ಬಿಟ್ಟು ಆಮೇಲೆ ತಡೆಯಬಾರದು, ಹೊರಗೇ ನಿಲ್ಲಿಸಬೇಕು. ಅದಕ್ಕೇ ಅವರ ಬಂಗಲೆಗಳಿಗೆ ಅಗಲ ವರಾಂಡ, ಬಿದಿರಿನ ಚಿಕ್ಕು, ನೀರು ಹೊಡೆದ ಲಾವಂಚದ ತಟ್ಟಿ. ನಾವು ಅವರ ಊರಿನ ಕಿಟಕಿ ತಂದೆವು, ತಟ್ಟಿ ಬಿಟ್ಟುಬಂದೆವು.

ಸುರಪುರದ ಒಂದು ಮನೆಯಲ್ಲಿ ಈ ಪರದೆಯ ವ್ಯವಹಾರ ಮೊನ್ನೆ ಮೊನ್ನೆ ಜಗಳಕ್ಕೇ ಬಂದಿತ್ತು. ಕಿಟಕಿಯ ನಡುವಿನ ಮುಖ 6 ಅಡಿ, ಓರೆಯವು ಎರಡೂವರೆ ಅಡಿಯವು. ಒಳಗೆ ಒಂದೂಮುಕ್ಕಾಲು ಅಡಿ ಅಗಲದ ಕಲ್ಲಿನ ಕಟ್ಟೆ. ಆ ಕಟ್ಟೆ ಮನೆಯ ಅಜ್ಜಿಯದು. ಹಳೆಯ ಮನೆ ಮಾರುವಾಗ ಆಕೆ ಕೇಳಿದ್ದು ಅದೊಂದನ್ನೇ. ಮೊಣಕಾಲು ಹಿಡಿದುಕೊಂಡಿವೆ, ಮೆಟ್ಟಿಲು ಇಳಿಯುವುದಾಗುವುದಿಲ್ಲ. ಸಂತೆಗೆ ಯಾರು ಹೊಂಟರು, ಯಾರ ಮನೆಗೆ ಬೀಗರು ಬಂದರು ಎಂಬುದೆಲ್ಲ ಆಕೆಗೆ ತಿಳಿಯುವುದು ಅಲ್ಲಿಂದಲೇ.

ಮಗ ಅಂಗಡಿಯಿಂದ ಹತ್ತೂವರೆ ಅಡಿಯ ಒಂದೇ ರಾಡು ತಂದ. ಕಿಟಕಿಯ ಬಾಯಿಗೆ ಅಡ್ಡಲಾಗಿ ಗೋಡೆಯಿಂದ ಗೋಡೆಗೆ ಹಾಕಿ, ನೆಲದವರೆಗೆ ಪರದೆ ಇಳಿಬಿಟ್ಟರೆ ಕೆಲಸ ಮುಗಿಯಿತು ಎಂಬುದು ಅವನ ಲೆಕ್ಕ.

"ಯಪ್ಪಾ, ಹಿಂಗ ಪರದಾ ಬಿಟ್ರ ನಾ ಎಲ್ಲಿ ಕುಂದರ್ಲಿ? ಪರದಾದ ಹಿಂದ ಗೊಂಬಿ ಕುಂತಂಗ ಕುಂದರ್ಲೇನು?" ಅಂದಳು ಅಜ್ಜಿ.

ಸೊಸೆಯದು ಬೇರೆ ತಕರಾರು. ಎದುರಿಗೇ ಚಹಾದ ಹೋಟೆಲು. "ದಿನಾ ಮುಂಜಾನಿಂದ ಹತ್ತು ಮಂದಿ ಇತ್ಲಾಗ ಮಾರಿ ಮಾಡ್ಕೊಂಡು ಕುಂತಿರ್ತಾರ್ರಿ ಅತ್ತಿ. ಅಡ್ಡ ಏನೂ ಇಲ್ಲಂದ್ರ ಪಡಸಾಲ್ಯಾಗ ನಾ ಹ್ಯಾಂಗ ಅಡ್ಡಾಡೂದು?"

ಇಬ್ಬರದೂ ಖರೇ. ಬಿಡಿಸಿದವನು ಅಳತೆಗೆ ಬಂದ ದರ್ಜಿ. ಅವನು ಟೇಪು ತೆಗೆಯುವ ಮೊದಲು ಕಟ್ಟೆಯ ಮೇಲೆ ಕೂತು ಮೂರೂ ಗಾಜಿನಿಂದ ಹೊರಗೆ ನೋಡಿದ. ಹೋಟೆಲು ಕಾಣುವುದು ನಡುವಿನ ಮುಖದಿಂದ ಮಾತ್ರ. ಓರೆಯವು ರಸ್ತೆಯುದ್ದಕ್ಕೆ ನೋಡುತ್ತವೆ. ಅವುಗಳ ಎದುರಿಗೆ ಯಾರ ಮನೆಯೂ ಇಲ್ಲ, ಅಂಗಡಿಯೂ ಇಲ್ಲ. "ಇದು ಒಂದ ಕಿಡಕಿ ಅಲ್ರಿ ಯಜಮಾನ್ರ, ಮೂರು ಅದಾವ. ಮೂರಕ್ಕೂ ಬ್ಯಾರೆ ಬ್ಯಾರೆ ಹಾಕ್ರಿ" ಅಂದ.

ಮಗನಿಗೆ ಖರ್ಚಿನ ಚಿಂತೆ. ದರ್ಜಿ ಅಲ್ಲೇ ಲೆಕ್ಕ ಮಾಡಿದ. 4 ಅಡಿ ಪನ್ನದ ಬಟ್ಟೆ. ನೆರಿಗೆ ಚೆನ್ನಾಗಿ ಬೀಳಲು ನಡುವಿನ ಮುಖಕ್ಕೆ ಮೂರು ತುಂಡು, ಓರೆಯವಕ್ಕೆ ಒಂದೊಂದು, ಒಟ್ಟು ಐದು. ಪರದೆ ಕಟ್ಟೆಯ ತನಕ ಇಳಿದರೆ ಸಾಕಾದ್ದರಿಂದ ಮಡಿಕೆ ಸೇರಿ ತುಂಡಿಗೆ ಆರೂಕಾಲು ಅಡಿ. ಅಂದರೆ ಒಂಬತ್ತೂವರೆ ಮೀಟರು. ಅಡ್ಡ ರಾಡಿಗಾದರೂ ಐದೇ ತುಂಡು ಬೇಕು, ಆದರೆ ನೆಲದ ತನಕ ಇಳಿಯುವುದರಿಂದ ಹನ್ನೆರಡು ಮೀಟರಿನ ಹತ್ತಿರ ಹೋಗುತ್ತದೆ. ರಾಡು ಮೂರಾದರೂ ಬಟ್ಟೆ ಎರಡು ಮೀಟರಿಗಿಂತ ಹೆಚ್ಚು ಉಳಿಯಿತು. ಅಂಗಡಿಕಾರರಿಗೆ ಈ ಲೆಕ್ಕ ರುಚಿಸಲಿಕ್ಕಿಲ್ಲ, ಕ್ಷಮಿಸಬೇಕು.

ಹತ್ತಿ ಬಟ್ಟೆಯಾದರೆ ಅರ್ಧ ಮೀಟರು ಹೆಚ್ಚಿಗೆ ಕೊಂಡು, ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪರದೆ ಮೇಲೇರಿ ಕೂರುತ್ತದೆ. ಗಾಜಿನ ಕಡೆಗೆ ಬಿಳಿ ಬಟ್ಟೆಯ ಅಸ್ತರ ಕೊಟ್ಟರೆ ಬಿಸಿಲಿಗೆ ಮೊದಲು ಸಾಯುವುದು ಅಸ್ತರ, ಬಣ್ಣದ ಬಟ್ಟೆ ಅಲ್ಲ. ರಾತ್ರಿ ಒಳಗೆ ದೀಪ ಹಾಕಿದಾಗ ತೆಳು ಪರದೆಯ ಮೇಲೆ ನೆರಳು ಮೂಡದಿರಲಿಕ್ಕೂ ಅದೇ ಆಸರೆ.

ಜನ ತಪ್ಪುವುದು ರಾಡಿನ ಅಳತೆಯಲ್ಲಿ. ಗೋಡೆಯ ಉದ್ದಕ್ಕೇ ರಾಡು ಕೊಯ್ಸುತ್ತಾರೆ. ಆದರೆ ರಾಡು ನಿಲ್ಲುವುದು ಗೋಡೆಯಿಂದ 3 ಇಂಚು ಈಚೆಗೆ. ಕಿಟಕಿ ಎರಡೂ ಮೂಲೆಯಲ್ಲಿ ಒಳಗೆ ಬಾಗಿರುವುದರಿಂದ ಅಲ್ಲಿ ಜಾಗ ಕಡಿಮೆ. ಈ ಮನೆಯಲ್ಲಿ ನಡುವಿನ ರಾಡಿಗೆ ಎರಡೂವರೆ ಇಂಚು ಕಮ್ಮಿ ಬಿತ್ತು. ಅದರ ಮೇಲೆ ತುದಿಯ ಹಿತ್ತಾಳೆ ಗುಂಡುಗಳು ಬೇರೆ. ಅವನ್ನು ಹಾಗೇ ಬಿಟ್ಟರೆ ಮೂಲೆಯಲ್ಲಿ ಟಗರುಗಳ ಹಾಗೆ ಡಿಕ್ಕಿ ಹೊಡೆಯುತ್ತವೆ. ದರ್ಜಿ ಟೇಪು ಬಿಟ್ಟು ಸುತಳಿ ಹಿಡಿದ. ಗೋಡೆಯಿಂದ 3 ಇಂಚು ಬಿಟ್ಟು ಮೂರೂ ಕಡೆ ಎಳೆದು, ಗಂಟು ಹಾಕಿದಲ್ಲಿಗೆ ರಾಡು ಕೊಯ್ಸಿದ. ಮೂಲೆಯಲ್ಲಿ ಬಾಗುವ ಅಲ್ಯೂಮಿನಿಯಂ ಪಟ್ಟಿ, ಅದರೊಳಗೆ ಓಡುವ ಗಾಲಿಗಳು ಈಗ ಸಿಗುತ್ತವೆ. ದುಡ್ಡಿದ್ದವರಿಗೆ ಅದೂ ಆದೀತು. ಕಬ್ಬಿಣದ ಬಳೆಯ ಪರದೆ ಮಾತ್ರ ಮೂಲೆಯ ಬ್ರಾಕೆಟ್ಟು ದಾಟುವುದಿಲ್ಲ, ಮೊದಲೇ ಗೊತ್ತಿರಲಿ.

ಇನ್ನು ಬಿಸಿಲು. ಸುರಪುರದಲ್ಲಿ ಮೇ ಮೊದಲ ವಾರ ನಡು ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಆ ಬಿಸಿಲನ್ನು ಸಜ್ಜೆ ತಡೆಯುತ್ತದೆ. ಕಾಡುವವನು ಸಂಜೆಯ ಸೂರ್ಯ. ಈ ಕಿಟಕಿ ಪಶ್ಚಿಮಕ್ಕಿದೆ. ಬೇಸಿಗೆಯಲ್ಲಿ ಹೊತ್ತು ಉತ್ತರಕ್ಕೆ ವಾಲಿ ಮುಳುಗುವುದರಿಂದ ಒಳಗೆ ಕೂತವರ ಬಲಗಡೆಯ ಓರೆ ಗಾಜಿಗೆ ಬಿಸಿಲು ನೇರ ಬಡಿಯುತ್ತದೆ. ಚಳಿಗಾಲದಲ್ಲಿ ಎಡಗಡೆಯದಕ್ಕೆ. ನಡುವಿನದಕ್ಕೆ ವರ್ಷಪೂರ್ತಿ ಬಿಡುಗಡೆಯಿಲ್ಲ. ಗಾಜು ದಾಟಿ ಬಂದ ಬಿಸಿಲು ಒಳಗಿನ ಪರದೆಯನ್ನು ಕಾಯಿಸಿ ಆ ಕಾವನ್ನು ಕೋಣೆಗೇ ಬಿಡುತ್ತದೆ. ಅದಕ್ಕೆ ನಡುವಿನ ಮುಖದ ಹೊರಗೆ, ಸಜ್ಜೆಯ ಕೆಳಗೆ, ಒಂದು ಬಿದಿರಿನ ಚಿಕ್ಕು ಇಳಿಬಿಟ್ಟರು. ಮಧ್ಯಾಹ್ನ ಮೂರಕ್ಕೆ ಇಳಿಸುವುದು, ಹೊತ್ತು ಮುಳುಗಿದ ಮೇಲೆ ಸುತ್ತುವುದು.

ಬ್ರಾಕೆಟ್ಟು ಕೂರಿಸುವ ಕೆಲಸ ಅರ್ಧ ದಿನ ತಿಂದಿತು. ಕಿಟಕಿಯ ಮೇಲೆ ಲಿಂಟಲ್ಲಿನ ಕಾಂಕ್ರೀಟು. ಸಾದಾ ಡ್ರಿಲ್ಲು ಗಿಲಾವು ಕೆರೆದು ನಿಂತುಬಿಟ್ಟಿತು. ಬಡಿಯುತ್ತ ಕೊರೆಯುವ ಯಂತ್ರ ತಂದ ಮೇಲೆ ತೂತು ಬಿತ್ತು. ಹಳೆಯ ಕಲ್ಲು-ಮಣ್ಣಿನ ಗೋಡೆಯವರು ಈ ಪ್ಲಾಸ್ಟಿಕ್ ಪ್ಲಗ್ಗು ನಂಬಬಾರದು. ಉದ್ದನೆಯ ಕಟ್ಟಿಗೆ ಪಟ್ಟಿಯನ್ನು ನಾಲ್ಕಾರು ಕಡೆ ಬಿಗಿದು, ಅದರ ಮೇಲೆ ಬ್ರಾಕೆಟ್ಟು ಹೊಡೆಸುವುದು ಲೇಸು.

ಈಗ ಆ ಮನೆಯಲ್ಲಿ ನಡುವಿನ ಪರದೆ ಹಗಲೆಲ್ಲ ಮುಚ್ಚಿರುತ್ತದೆ, ಸೊಸೆ ಪಡಸಾಲೆಯಲ್ಲಿ ಆರಾಮಾಗಿ ಓಡಾಡುತ್ತಾಳೆ. ಹೋಟೆಲಿನವರು ಚಿಕ್ಕು ನೋಡುತ್ತ ಚಹಾ ಕುಡಿಯುತ್ತಾರೆ. ಬಲಗಡೆಯದು ಬೇಸಿಗೆ ಮುಗಿಯುವ ತನಕ ಸಂಜೆ ಮುಚ್ಚಬೇಕು. ಎಡಗಡೆಯದರ ಅಂಚನ್ನು ಅಜ್ಜಿ ಕಟ್ಟೆಯ ಮೇಲೆ ದಿಂಬಿನ ಕೆಳಗೆ ಸಿಕ್ಕಿಸಿಕೊಂಡಿದ್ದಾಳೆ, ಯಾರೂ ಎಳೆಯದಂತೆ. ಮೊನ್ನೆ ಸಂಜೆ ಶಹಾಪುರದ ಬಸ್ಸು ಬಂದಾಗ ಒಳಗಿನವರಿಗೆ ಕೂಗಿ ಹೇಳಿದಳು: "ತಡಾ ಆಗಿ ಬಂತು ನೋಡ್ರಿ ಇವತ್ತ."