ಸಣ್ಣ ಕೈಗೆ ಸಣ್ಣ ಪಿಸ್ತೂಲೇ?

ಅಮೆರಿಕದ ಬಂದೂಕಿನ ಅಂಗಡಿಗಳಲ್ಲಿ ಮತ್ತೆ ಮತ್ತೆ ನಡೆಯುವ ವ್ಯಾಪಾರವೊಂದಿದೆ. ಗಂಡ ಬಂದು, ‘ಹೆಂಡತಿಗೆ ಒಂದು ಪಿಸ್ತೂಲು ಬೇಕು, ಚಿಕ್ಕದಿರಲಿ, ಹಗುರ ಇರಲಿ’ ಎನ್ನುತ್ತಾನೆ. ಅಂಗಡಿಯವನು ಗಾಜಿನ ಕಪಾಟಿನಿಂದ ಐದು ಗುಂಡಿನ ಮೋಟು ರಿವಾಲ್ವರನ್ನೋ ಜೇಬಿನೊಳಗೆ ಇಳಿಯುವ ಪುಟಾಣಿ ಪಿಸ್ತೂಲನ್ನೋ ತೆಗೆದಿಡುತ್ತಾನೆ. ನೋಡಲು ಮುದ್ದಾಗಿದೆ, ಕೈಚೀಲದಲ್ಲೂ ಹಿಡಿಸುತ್ತದೆ. ಹೆಂಡತಿ ಶೂಟಿಂಗ್ ರೇಂಜಿಗೆ ಹೋಗಿ ನಾಲ್ಕಾರು ಗುಂಡು ಹಾರಿಸುತ್ತಾಳೆ. ಅಂಗೈ ಚುರುಗುಟ್ಟುತ್ತದೆ, ಹೆಬ್ಬೆರಳಿನ ಬುಡ ನೋಯುತ್ತದೆ, ಗುರಿಹಲಗೆಯಲ್ಲಿ ತೂತುಗಳು ಎಲ್ಲೆಂದರಲ್ಲಿ. ಅಲ್ಲಿಗೆ ಆ ಪಿಸ್ತೂಲು ಮನೆಯ ಯಾವುದೋ ಡ್ರಾಯರ್ ಸೇರುತ್ತದೆ. ಮಹಿಳೆಯರಿಗೆ ಬಂದೂಕು ಕಲಿಸುವ ತರಬೇತುದಾರರು ಬೇಸರದಿಂದ ಹೇಳುವ ಕಥೆ ಇದು.

ಆ ದೇಶದಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಪ್ರಜೆಯ ವೈಯಕ್ತಿಕ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಮನೆಯ ಹೊರಗೆ ಒಯ್ಯುವುದೂ ಹಕ್ಕೇ ಎಂದು 2022ರಲ್ಲಿ ಹೇಳಿತು. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರ್ಮಿಟ್ ಇಲ್ಲದೆಯೇ ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯಲು ಅವಕಾಶವಿತ್ತು. ಆದ್ದರಿಂದ ‘ಹೆಂಡತಿಗೆ ಯಾವುದು ಒಗ್ಗುತ್ತದೆ?’ ಎಂಬುದು ಸಾವಿರಾರು ಮನೆಗಳ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದದ್ದು ಭೌತಶಾಸ್ತ್ರ ಮತ್ತು ಅಂಗರಚನಾ ಶಾಸ್ತ್ರ. ಅವೆರಡೂ ಗಂಡನ ಎಣಿಕೆಗೆ ನೇರ ವಿರುದ್ಧವಾದದ್ದನ್ನು ಹೇಳುತ್ತವೆ.

ಹೈಸ್ಕೂಲಿನಲ್ಲಿ ಬಂದೂಕಿನ ಹಿಮ್ಮುಖ ವೇಗದ ಲೆಕ್ಕ ಮಾಡಿದ ನೆನಪು ಹಲವರಿಗೆ ಇರಬಹುದು. ಗುಂಡು ಮುಂದಕ್ಕೆ ಎಷ್ಟು ಸಂವೇಗ ಹೊತ್ತು ಹೋಗುತ್ತದೋ ಅಷ್ಟೇ ಸಂವೇಗದಿಂದ ಬಂದೂಕು ಹಿಂದಕ್ಕೆ ಬರಬೇಕು. ಪಿಸ್ತೂಲಿನ ತೋಟೆಗಳಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ 9 ಎಂ.ಎಂ. ತೋಟೆಯನ್ನೇ ತೆಗೆದುಕೊಳ್ಳಿ. ಗುಂಡಿನ ತೂಕ ಸುಮಾರು ಏಳೂವರೆ ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಪಿಸ್ತೂಲು ಒಂದು ಕೆ.ಜಿ. ತೂಗಿದರೆ ಅದು ಸೆಕೆಂಡಿಗೆ 2.6 ಮೀಟರ್ ವೇಗದಲ್ಲಿ ಹಿಂದಕ್ಕೆ ಬಂದು ಅಂಗೈಗೆ ಸುಮಾರು 3.4 ಜೂಲ್ ಶಕ್ತಿ ಒಪ್ಪಿಸುತ್ತದೆ. ಅದೇ ಗುಂಡನ್ನು ಅರ್ಧ ಕೆ.ಜಿ. ಪಿಸ್ತೂಲಿನಿಂದ ಹಾರಿಸಿದರೆ ವೇಗ ಇಮ್ಮಡಿ, ಅಂಗೈಗೆ ಬೀಳುವ ಶಕ್ತಿಯೂ ಇಮ್ಮಡಿ: 6.8 ಜೂಲ್. ಮದ್ದು ಸುಟ್ಟು ಹೊರನುಗ್ಗುವ ಅನಿಲದ ಪಾಲು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಸೊಂಟಕ್ಕೆ ಹಗುರವಾದದ್ದು ಕೈಗೆ ಭಾರ.

ಹಾಗಾದರೆ ಗುಂಡನ್ನೇ ಚಿಕ್ಕದು ಮಾಡಿದರೆ? ಜಾನ್ ಬ್ರೌನಿಂಗ್ 1908ರಲ್ಲಿ ರೂಪಿಸಿದ .380 ತೋಟೆ 9 ಎಂ.ಎಂ.ಗಿಂತ ಮೆತ್ತನೆಯದು. ರೂಗರ್ ಕಂಪನಿ 2008ರಲ್ಲಿ ತಂದ ‘ಎಲ್‌ಸಿಪಿ’ ಎಂಬ ಜೇಬು ಪಿಸ್ತೂಲು ಅದನ್ನೇ ಬಳಸುತ್ತದೆ. ಖಾಲಿ ಇದ್ದಾಗ ಅದರ ತೂಕ 270 ಗ್ರಾಂ ಆಸುಪಾಸು. ತೋಟೆ ತುಂಬಿದ ಮೇಲೆ 330 ಗ್ರಾಂ ಎಂದು ಹಿಡಿದರೂ, ಆರು ಗ್ರಾಂ ಗುಂಡು ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹೊರಟಾಗ ಅಂಗೈಗೆ ಬೀಳುವುದು ಸುಮಾರು ನಾಲ್ಕು ಜೂಲ್. ಅಂದರೆ ‘ಮೆತ್ತನೆಯ’ ತೋಟೆಯ ಪುಟ್ಟ ಪಿಸ್ತೂಲು, ‘ಗಟ್ಟಿ’ ತೋಟೆಯ ಒಂದು ಕೆ.ಜಿ. ಪಿಸ್ತೂಲಿಗಿಂತ ಜೋರಾಗಿ ಒದೆಯುತ್ತದೆ.

ಜೂಲ್ ಲೆಕ್ಕಕ್ಕೆ ಸಿಗದ ನೋವೂ ಉಂಟು. ಜೇಬು ಪಿಸ್ತೂಲಿನ ಹಿಡಿ ಮೋಟು. ಎರಡು ಬೆರಳು ಹಿಡಿಸುವಷ್ಟರಲ್ಲಿ ಮುಗಿದು ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಹಿಡಿಯ ಬೆನ್ನು ತೆಳ್ಳಗಿರುವುದರಿಂದ ಅಷ್ಟೂ ಪೆಟ್ಟು ಹೆಬ್ಬೆರಳಿನ ಬುಡದ ಕಿರಿದಾದ ಜಾಗಕ್ಕೆ ಬೀಳುತ್ತದೆ. ಯಂತ್ರದ ಒಳರಚನೆಯೂ ಇಲ್ಲಿ ಮುಖ್ಯ. ಜೇಮ್ಸ್ ಬಾಂಡ್‌ನಿಂದ ಹೆಸರಾದ ವಾಲ್ಟರ್ ಪಿಪಿಕೆಯಲ್ಲಿ ನಳಿಕೆ ಕದಲುವುದಿಲ್ಲ. ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ‘ಸ್ಲೈಡ್’ ಎಂಬ ಭಾಗದ ತೂಕ ಮತ್ತು ಬಿಗಿಯಾದ ಸ್ಪ್ರಿಂಗ್ ಸೇರಿ ಸ್ಫೋಟವನ್ನು ತಡೆಯುತ್ತವೆ. ಸ್ಲೈಡ್ ಎಳೆಯಲು ಕಷ್ಟ, ಏಟೂ ಚುರುಕು. ಬ್ರೌನಿಂಗ್ ಮಾದರಿಯಲ್ಲಿ ನಳಿಕೆ ಮತ್ತು ಸ್ಲೈಡ್ ಕ್ಷಣಕಾಲ ಕೊಂಡಿ ಹಾಕಿಕೊಂಡೇ ಹಿಂದೆ ಸರಿದು ಆಮೇಲೆ ಬೇರೆಯಾಗುತ್ತವೆ. ಹೀಗೆ ಒದೆತ ಸ್ವಲ್ಪ ಹೆಚ್ಚು ಹೊತ್ತಿಗೆ ಹಂಚಿಹೋಗಿ ಕೈಗೆ ತಳ್ಳಿದಂತೆ ತಾಗುತ್ತದೆ, ಹೊಡೆದಂತೆ ಅಲ್ಲ.

ಒದೆತದ ಮುಂದೆ ಹೆಣ್ಣು ಮಾತ್ರ ಸೋಲುತ್ತಾಳೆ ಎಂದುಕೊಂಡವರು ಎಫ್‌ಬಿಐ ಇತಿಹಾಸ ನೋಡಬೇಕು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಬ್ಯಾಂಕ್ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ದರೋಡೆಕೋರನಿಗೆ ತಗುಲಿದ ಒಂದು 9 ಎಂ.ಎಂ. ಗುಂಡು ಹೃದಯ ಮುಟ್ಟುವ ಮೊದಲೇ ನಿಂತಿತ್ತು. ದೋಷವೆಲ್ಲ ತೋಟೆಯದೇ ಎಂದು ತೀರ್ಮಾನಿಸಿದ ಸಂಸ್ಥೆ, ಹೆಚ್ಚು ಬಲವಾದ 10 ಎಂ.ಎಂ. ಕಡೆಗೆ ಹೊರಳಿತು. ಆ ತೋಟೆಯ ಪೂರ್ಣ ಬಲ ಏಜೆಂಟರ ಕೈಗೆ ಹೆಚ್ಚಾಯಿತು. ಮದ್ದು ಕಡಿಮೆ ಮಾಡಿ ನೋಡಿದರು. ಮದ್ದು ಕಡಿಮೆಯಾದ ಮೇಲೆ ಅಷ್ಟು ಉದ್ದದ ತೋಟೆ ಯಾಕೆ ಎಂದು 1990ರಲ್ಲಿ .40 ಎಂಬ ಗಿಡ್ಡ ತೋಟೆ ಹುಟ್ಟಿತು. ಕೊನೆಗೆ ಸುತ್ತಿ ಬಳಸಿ 2014–15ರ ವೇಳೆಗೆ ಎಫ್‌ಬಿಐ ಪುನಃ 9 ಎಂ.ಎಂ.ಗೇ ಮರಳಿತು. ಅಷ್ಟರಲ್ಲಿ ಗುಂಡುಗಳ ರಚನೆ ಸುಧಾರಿಸಿತ್ತು ಎಂಬುದು ಒಂದು ಕಾರಣ; ಕಡಿಮೆ ಒದೆಯುವ ಪಿಸ್ತೂಲಿನಲ್ಲಿ ಬಹುಪಾಲು ಏಜೆಂಟರು ಬೇಗ ಮತ್ತು ನಿಖರವಾಗಿ ಹೊಡೆಯುತ್ತಾರೆ ಎಂಬುದು ಇನ್ನೊಂದು. ವೃತ್ತಿಯೇ ಅದಾಗಿರುವವರ ಪಾಡು ಹೀಗಿರುವಾಗ, ತಿಂಗಳಿಗೊಮ್ಮೆ ರೇಂಜಿಗೆ ಹೋಗುವ ಗೃಹಿಣಿಯನ್ನೋ ನರ್ಸನ್ನೋ ‘ಧೈರ್ಯ ಸಾಲದು’ ಎನ್ನುವುದು ಅನ್ಯಾಯ.

ಕೈಗಳ ನಡುವಿನ ವ್ಯತ್ಯಾಸವೂ ನಿಜ. ಆದರೆ ಅದು ಗಂಡ ಊಹಿಸುವ ಜಾಗದಲ್ಲಿಲ್ಲ. ಅಮೆರಿಕದ ಸೇನೆ ತನ್ನ ಸೈನಿಕರ ಮೈ ಅಳತೆ ತೆಗೆದಾಗ ಗಂಡಸರ ಹಸ್ತದ ಸರಾಸರಿ ಉದ್ದ ಸುಮಾರು 19 ಸೆಂ.ಮೀ., ಹೆಂಗಸರದು ಸುಮಾರು 18 ಸೆಂ.ಮೀ. ಬಂತು. ಉದ್ದದಲ್ಲಿ ಅಂತರ ಇಷ್ಟೇ. ಹಿಡಿತದ ಬಲದಲ್ಲಿ ಮಾತ್ರ ಅದು ದೊಡ್ಡದು. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು 20ರಿಂದ 25 ವಯಸ್ಸಿನ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಮುಷ್ಟಿಬಲ ಅಳೆಯಿತು. ಗಂಡಸರ ಸರಾಸರಿ 541 ನ್ಯೂಟನ್, ಹೆಂಗಸರದು 329. ನೂರರಲ್ಲಿ ತೊಂಬತ್ತು ಹೆಂಗಸರ ಮುಷ್ಟಿಬಲ, ನೂರರಲ್ಲಿ ತೊಂಬತ್ತೈದು ಗಂಡಸರಿಗಿಂತ ಕಡಿಮೆ. ಹಾಗಾಗಿ ನೋಡಬೇಕಾದದ್ದು ಪಿಸ್ತೂಲಿನ ಗಾತ್ರವನ್ನಲ್ಲ, ಅದು ಬೇಡುವ ಬಲವನ್ನು. ಸಂಧಿವಾತ ಹಿಡಿದ ಗಂಡನಿಗೆ ಹೆಂಡತಿ ಆರಿಸುವಾಗಲೂ ಲೆಕ್ಕ ಇದೇ.

ಬಲ ಬೇಡುವ ಮೊದಲ ಜಾಗ ಟ್ರಿಗರ್. ಸ್ಮಿತ್ ಅಂಡ್ ವೆಸನ್ ಕಂಪನಿಯ ಐದು ಗುಂಡಿನ ಮೋಟು ರಿವಾಲ್ವರ್ 1950ರಿಂದ ಮಾರುಕಟ್ಟೆಯಲ್ಲಿದೆ; ‘ಹೆಂಗಸರ ಬಂದೂಕು’ ಎಂದರೆ ಅಂಗಡಿಯವರಿಗೆ ಮೊದಲು ಹೊಳೆಯುವುದೂ ಅದೇ. ತೋಟೆ ಸಿಕ್ಕಿಹಾಕಿಕೊಳ್ಳುವ ತಾಪತ್ರಯ ಕಡಿಮೆ, ಬಳಕೆ ಸರಳ. ಆದರೆ ಅದರ ಹಗುರ ಮಾದರಿ ಸುಮಾರು 420 ಗ್ರಾಂ ತೂಗಿದರೆ, ಟ್ರಿಗರ್ ಎಳೆಯಲು ಬೇಕಾದದ್ದು ಐದು ಕೆ.ಜಿ. ಆಸುಪಾಸಿನ ಬಲ. ತನ್ನ ತೂಕದ ಹತ್ತು ಪಟ್ಟಿಗಿಂತ ಹೆಚ್ಚಿನ ಬಲದಿಂದ ಒಂದೇ ಬೆರಳು ಎಳೆಯುವಾಗ ಬಂದೂಕು ಅಲ್ಲಾಡದೆ ಇರುವುದು ಹೇಗೆ? ಈಗಿನ ಬಹುತೇಕ ಪಿಸ್ತೂಲುಗಳಲ್ಲಿ ಇದರ ಅರ್ಧದಷ್ಟು ಬಲ ಸಾಕು.

ಎರಡನೆಯದು ಸ್ಲೈಡ್. ಮೊದಲ ತೋಟೆ ನಳಿಕೆಗೆ ಏರಬೇಕಾದರೆ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಡಬೇಕು. ಇಲ್ಲೂ ಚಿಕ್ಕದೇ ಕಷ್ಟ: ಹಗುರ ಸ್ಲೈಡನ್ನು ತಡೆಯಲು ಬಿಗಿ ಸ್ಪ್ರಿಂಗ್ ಬೇಕು, ಹಿಡಿಯಲು ಜಾಗವೂ ಕಡಿಮೆ. ಸ್ಮಿತ್ ಅಂಡ್ ವೆಸನ್ 2018ರಲ್ಲಿ ‘ಶೀಲ್ಡ್ ಈಝೀ’ ಎಂಬ .380 ಪಿಸ್ತೂಲನ್ನೂ 2020ರಲ್ಲಿ ಅದರ 9 ಎಂ.ಎಂ. ರೂಪವನ್ನೂ ತಂದದ್ದು ಬಲ ಕಡಿಮೆ ಇರುವ ಕೈಗಳಿಗಾಗಿಯೇ. ಬೆರೆಟ್ಟಾದ ಕೆಲವು ಚಿಕ್ಕ ಪಿಸ್ತೂಲುಗಳಲ್ಲಿ ನಳಿಕೆಯ ಹಿಂತುದಿ ಮೇಲಕ್ಕೆ ಏಳುತ್ತದೆ. ತೋಟೆಯನ್ನು ನೇರ ಒಳಗಿಟ್ಟು ಮುಚ್ಚಿದರಾಯಿತು, ಸ್ಲೈಡ್ ಎಳೆಯುವ ಪ್ರಸಂಗವೇ ಇಲ್ಲ. ವಿಧಾನ ಬದಲಿಸಿದರೂ ಅರ್ಧ ಕೆಲಸ ಸಲೀಸು. ಕೈ ಚಾಚಿ ಬೆರಳ ತುದಿಯಲ್ಲಿ ಎಳೆಯುವ ಬದಲು ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಕೆಯ ಮುಖ ಸುರಕ್ಷಿತ ದಿಕ್ಕಿಗೇ ಇರುವಂತೆ ನೋಡಿಕೊಂಡು, ಎಡ ಅಂಗೈಯಿಂದ ಸ್ಲೈಡನ್ನು ಮೇಲಿನಿಂದ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಆಗ ಬೆರಳಿನ ಬದಲು ತೋಳು, ಭುಜದ ಸ್ನಾಯುಗಳು ದುಡಿಯುತ್ತವೆ.

ಹಿಡಿತ ಸಡಿಲವಾದರೆ ಪಿಸ್ತೂಲು ಕೆಲಸವನ್ನೇ ನಿಲ್ಲಿಸಬಹುದು. ಒದೆತದಿಂದಲೇ ನಡೆಯುವ ಯಂತ್ರ ಅದು. ಹಿಡಿದ ಕೈ ಗಟ್ಟಿಯಾಗಿ ನಿಂತರೆ ಮಾತ್ರ ಸ್ಲೈಡ್ ಪೂರ್ತಿ ಹಿಂದೆ ಹೋಗಿ ಹೊಸ ತೋಟೆ ತರುತ್ತದೆ. ಮಣಿಕಟ್ಟು ಬಾಗಿದರೆ ಖಾಲಿ ತೋಟೆ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಕಾರಣಕ್ಕೂ ಹಿಡಿ ಕೈಗೆ ಕೂಡಬೇಕು. ಪರೀಕ್ಷೆ ಸುಲಭ. ಬಂದೂಕು ಖಾಲಿ ಇದೆಯೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ನಳಿಕೆ ಮುಂದೋಳಿನ ನೇರಕ್ಕೆ ಬರುವಂತೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಅಲ್ಲಿಗೆ ಮುಟ್ಟಲು ಹಿಡಿತವನ್ನೇ ತಿರುಚಬೇಕಾದರೆ ಆ ಪಿಸ್ತೂಲು ಆ ಕೈಯದಲ್ಲ. ಹಿಡಿಯ ಬೆನ್ನುಪಟ್ಟಿ ಬದಲಿಸುವ ಸೌಲಭ್ಯ 1990ರ ದಶಕದ ಕೊನೆಯಲ್ಲಿ ವಾಲ್ಟರ್ ಪಿ99ರೊಂದಿಗೆ ಬಂತು. 2017ರಲ್ಲಿ ಅಮೆರಿಕದ ಸೇನೆ ಹೊಸ ಪಿಸ್ತೂಲಾಗಿ ಸಿಗ್ ಪಿ320 ಆರಿಸಿದಾಗ ಅದರ ಹಿಡಿ ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ ಬದಲಿಸಲು ಬರುತ್ತಿತ್ತು.

ಕಂಪನಿಗಳು ಹೆಣ್ಣಿನ ಕೈಯನ್ನು ಯಾವಾಗಲೂ ಇಷ್ಟು ಗಂಭೀರವಾಗಿ ನೋಡಿಲ್ಲ. ಅಳತೆ ಬಿಟ್ಟು ಬಣ್ಣ, ಹೆಸರು, ಪೆಟ್ಟಿಗೆ ಬದಲಿಸಿ ಮಾರಿದ್ದೇ ಹೆಚ್ಚು. ನಮ್ಮ ದೇಶದಲ್ಲೂ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಹೆಸರಿನ .32 ರಿವಾಲ್ವರ್ ತಂದಿತು. ದೆಹಲಿಯ ಅತ್ಯಾಚಾರ ಪ್ರಕರಣದ ನೋವು ಇನ್ನೂ ಹಸಿಯಾಗಿದ್ದ ದಿನಗಳು ಅವು. ತೂಕ ಅರ್ಧ ಕೆ.ಜಿ., ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮೇಲೆ, ಪೆಟ್ಟಿಗೆ ಒಡವೆಯದರಂತೆ. ನಮ್ಮಲ್ಲಿ ಪರವಾನಗಿ ಸಿಗುವುದೇ ಕಷ್ಟವಾದ್ದರಿಂದ ಸಾಮಾನ್ಯ ಹೆಣ್ಣುಮಕ್ಕಳಿಗೆ ಅದು ದೂರದ ಮಾತೇ ಆಗಿತ್ತು.

ಒಯ್ಯುವ ಪ್ರಶ್ನೆ ಇನ್ನೂ ಸೂಕ್ಷ್ಮ. ಬಹುತೇಕ ಹೋಲ್‌ಸ್ಟರ್‌ಗಳು, ಅಂದರೆ ಪಿಸ್ತೂಲಿನ ಒರೆಗಳು, ದಪ್ಪ ಬೆಲ್ಟ್ ಇರುವ ಪ್ಯಾಂಟಿಗೆಂದು ಮಾಡಿದವು. ಸೊಂಟದಿಂದ ಕಂಕುಳಿಗೆ ಅಂತರ ಕಡಿಮೆ ಇರುವ ಮೈಗೆ ಅದೇ ಹೋಲ್‌ಸ್ಟರ್ ಕಟ್ಟಿದರೆ ಹಿಡಿ ಪಕ್ಕೆಲುಬಿಗೆ ಚುಚ್ಚುತ್ತದೆ. ಹಾಗಾಗಿ ಹಲವರು ಕೈಚೀಲಕ್ಕೆ ಮೊರೆಹೋಗುತ್ತಾರೆ. ಅದರ ಅಪಾಯ ಎಂಥದೆಂದು 2014ರ ಡಿಸೆಂಬರಿನಲ್ಲಿ ಐಡಹೊ ರಾಜ್ಯದ ಅಂಗಡಿಯೊಂದರಲ್ಲಿ ಗೊತ್ತಾಯಿತು. ಎರಡು ವರ್ಷದ ಮಗು ತಾಯಿಯ ಚೀಲದೊಳಗಿನ ಪಿಸ್ತೂಲನ್ನು ತೆಗೆದು ಒತ್ತಿತು; ತಾಯಿ ಅಲ್ಲೇ ಸತ್ತಳು. ಪಿಸ್ತೂಲಿಗೆಂದೇ ಪ್ರತ್ಯೇಕ ಜಿಪ್ ಇದ್ದ ಆ ಚೀಲ, ಗಂಡ ಕೊಟ್ಟ ಕ್ರಿಸ್‌ಮಸ್ ಉಡುಗೊರೆ. ಟ್ರಿಗರನ್ನು ಪೂರ್ತಿ ಮುಚ್ಚುವ, ಮೈಗೆ ಅಂಟಿಕೊಂಡೇ ಇರುವ ಹೋಲ್‌ಸ್ಟರ್ ಸಿಗದಿದ್ದರೆ ಒಯ್ಯದಿರುವುದೇ ಲೇಸು.

ಕಿವಿಯದೂ ಒಂದು ಮಾತಿದೆ. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಶ್ರವಣಕ್ಕೆ ಕಾಯಂ ಹಾನಿ ಮಾಡಬಲ್ಲದು. ಪಿಸ್ತೂಲಿನದು 155ರ ಸುತ್ತಮುತ್ತ. ತೋಟೆಯ ಕಿಡಿಮದ್ದಿನಲ್ಲಿ ಸೀಸವಿದ್ದು, ಒಳಾಂಗಣ ರೇಂಜಿನ ಗಾಳಿಯಲ್ಲಿ ತೇಲುತ್ತದೆ. ಸೀಸ ತಾಯಿಯ ರಕ್ತದಿಂದ ಭ್ರೂಣಕ್ಕೆ ದಾಟುವುದರಿಂದ ಗರ್ಭಿಣಿಯರು ರೇಂಜಿಗೆ ಹೋಗಬಾರದು.

ಇಷ್ಟೆಲ್ಲ ಸರಿಹೊಂದಿದ ಮೇಲೂ ಪಿಸ್ತೂಲು ಮನೆಗೆ ಬಂದರೆ ರಕ್ಷಣೆ ಹೆಚ್ಚುತ್ತದೆಯೇ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯದ ಕೋಟ್ಯಂತರ ಜನರ 12 ವರ್ಷಗಳ ದಾಖಲೆ ಜಾಲಾಡಿ 2020 ಮತ್ತು 2022ರಲ್ಲಿ ಪ್ರಕಟಿಸಿದ ಫಲಿತಾಂಶ ಕಳವಳ ಹುಟ್ಟಿಸುತ್ತದೆ. ಕೈಬಂದೂಕು ಇರುವ ಹೆಂಗಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಂಡ ಪ್ರಮಾಣ, ಇಲ್ಲದ ಹೆಂಗಸರಿಗಿಂತ 35 ಪಟ್ಟು. ಕೈಬಂದೂಕಿನ ಒಡೆಯರ ಜೊತೆ ಬಾಳುವವರು ಕೊಲೆಯಾದ ಪ್ರಮಾಣ ಉಳಿದವರ ಎರಡು ಪಟ್ಟಿಗಿಂತ ಹೆಚ್ಚು. ಸಂಗಾತಿಯ ಗುಂಡಿಗೆ ಬಲಿಯಾದವರಲ್ಲಿ ನೂರಕ್ಕೆ 84 ಮಂದಿ ಹೆಂಗಸರು. ‘ಹೆಂಡತಿಯ ರಕ್ಷಣೆಗೆ’ ಎಂದು ಪಿಸ್ತೂಲು ಕೊಳ್ಳುವ ಮುನ್ನ ಗಂಡ ಹೆಂಡತಿ ಇಬ್ಬರೂ ಕೂತು ಓದಬೇಕಾದ ಅಂಕಿಗಳಿವು. ಮನೆಯಲ್ಲಿ ಜಗಳ, ಕುಡಿತ, ಖಿನ್ನತೆ ಇದ್ದರೆ ಯಾವ ಅಳತೆಯ ಪಿಸ್ತೂಲೂ ಬೇಡ.

ಅಮೆರಿಕದಲ್ಲಿರುವ ಕನ್ನಡಿಗರು ತಿಳಿದಿರಬೇಕಾದ ಕಾನೂನೂ ಇದೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ, ಎಚ್-4ರಂಥ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಅಪರಾಧ. ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಹಿಡಿಯುವುದಕ್ಕೂ ಇದು ಅನ್ವಯ. ಬಂದೂಕು ಹೊಂದಲು ಅರ್ಹರಾದ ಸಂಗಾತಿಗೆ ಸ್ವಂತ ಹಣದಲ್ಲಿ ಉಡುಗೊರೆ ಕೊಡಲು ಈ ಕಾನೂನಿನ ಅಡ್ಡಿಯಿಲ್ಲ, ಆದರೆ ಇನ್ನೊಬ್ಬರ ಹಣ ಪಡೆದು ತನ್ನದೆಂದು ಫಾರಂ ತುಂಬುವುದು ಅಪರಾಧವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಕಾನೂನು ಒಪ್ಪಿದರೂ ಉಡುಗೊರೆಯ ಪೊಟ್ಟಣ ಬೇಡ. ಬಳಸಬೇಕಾದವರನ್ನೇ ಬಾಡಿಗೆ ಪಿಸ್ತೂಲು ಸಿಗುವ ರೇಂಜಿಗೆ, ತರಬೇತುದಾರರ ಬಳಿಗೆ ಕರೆದೊಯ್ಯಿರಿ. ಮಧ್ಯಮ ತೂಕದ 9 ಎಂ.ಎಂ., ಸ್ಲೈಡ್ ಸಲೀಸಾದ .380, ರಿವಾಲ್ವರ್ ಮೂರನ್ನೂ ಅವರ ಕೈಯೇ ಹೋಲಿಸಿ ನೋಡಲಿ. ಕೊಳ್ಳುವುದೆಂದು ಅವರೇ ಹೇಳಿದರೆ, ಅದೇ ದಿನ ಬೀಗದ ಪೆಟ್ಟಿಗೆಯನ್ನೂ ಕೊಂಡು ಮನೆಗೆ ಬನ್ನಿ.